ಸಂಶೋಧನೆ ಆಗ್ಯದ ಅಂದ್ರ ಏನೇನು ಕೇಳಬೇಕು?

"ಸಂಶೋಧನೆ ಆಗ್ಯದರೀ" ಎಂಬ ಮಾತು ಈಗ ನಮ್ಮ ಹೂವಿನ ಹಿಪ್ಪರಗಿಯಂಥ ಊರಲ್ಲೂ ದಿನಾ ಕಿವಿಗೆ ಬೀಳುತ್ತದೆ. ಬೀಜದ ಅಂಗಡಿಯವ ಹೇಳುತ್ತಾನೆ, ಪುಡಿ ಮಾರುವವ ಹೇಳುತ್ತಾನೆ, ಮೊಬೈಲಿನ ವಿಡಿಯೋದವನೂ ಹೇಳುತ್ತಾನೆ. ಕೇಳುವ ನಮ್ಮಲ್ಲಿ ಎರಡು ಪಂಗಡ. "ವಿಜ್ಞಾನಿಗಳು ಹೇಳ್ಯಾರ ಅಂದಮ್ಯಾಲ ಮುಗೀತು" ಎಂದು ರೊಕ್ಕ ಎಣಿಸಿ ಕೊಡುವವರು ಒಂದು ಕಡೆ. "ಎ.ಸಿ. ಖೋಲಿಯೊಳಗ ಕುಂತವರಿಗೆ ಎರಿ ಹೊಲ ಏನ್ ಗೊತ್ತು" ಎಂದು ನಗುವವರು ಇನ್ನೊಂದು ಕಡೆ. ಇಬ್ಬರೂ ಸಂಶೋಧನೆ ಅಂದ್ರ ಏನು ಅಂತ ಕೇಳಲಿಲ್ಲ. ಕೇಳದಿದ್ದುದಕ್ಕೆ ಮೊದಲನೆಯವ ರೊಕ್ಕ ಕಳಕೊಳ್ಳುತ್ತಾನೆ, ಎರಡನೆಯವ ಬರುವ ಬೆಳೆ ಕಳಕೊಳ್ಳುತ್ತಾನೆ.

ನಾನು ಕಲಿತದ್ದು ಏಳನೆಯ ಇಯತ್ತೆ. ಮಾಡುವುದು ಮಳೆ ನಂಬಿದ ಬೇಸಾಯ. ತೊಗರಿ, ಬಿಳಿಜೋಳ, ಕಡಲೆ, ಅಷ್ಟೆ. ಸಂಶೋಧನಾ ಲೇಖನಗಳು ಬಹುತೇಕ ಇಂಗ್ಲಿಷಿನಲ್ಲಿರುತ್ತವೆ. ಓದಿ ಹೇಳಲು ಕಾಲೇಜಿಗೆ ಹೋಗುವ ಹುಡುಗರಿದ್ದಾರೆ. ಅವರು ಓದುತ್ತಾರೆ, ನಾನು ಪ್ರಶ್ನೆ ಹಾಕುತ್ತೇನೆ. ಹೀಗೆ ಕೆಲವು ವರ್ಷಗಳಿಂದ ಕೇಳುತ್ತ ಬಂದುದರಲ್ಲಿ ನಮ್ಮ ಹೊಲ, ನಮ್ಮ ತಾಟಿಗೆ ಸಂಬಂಧಪಟ್ಟ ನಾಲ್ಕು ಸಂಗತಿಗಳನ್ನು ಇಲ್ಲಿ ಪಾಠದಂತೆ ಬರೆದಿದ್ದೇನೆ. ಒಂದು ಜೀವಶಾಸ್ತ್ರದ್ದು, ಒಂದು ರಸಾಯನದ್ದು, ಒಂದು ಭೌತಶಾಸ್ತ್ರದ್ದು, ಒಂದು ವೈದ್ಯದ್ದು. ಕೊನೆಗೆ ನಮ್ಮ ಹೊಲದಲ್ಲಿ ನಾವೇ ಪರೀಕ್ಷೆ ಮಾಡುವ ಬಗೆ ಇದೆ.

ಲೇಖನ ಹೇಗಿರುತ್ತದೆ?

ಯಾವ ಶಾಸ್ತ್ರದ್ದೇ ಇರಲಿ, ಸಂಶೋಧನಾ ಲೇಖನಕ್ಕೆ ಒಂದು ಕಟ್ಟು ಇರುತ್ತದೆ. ಪ್ರಶ್ನೆ ಏನು, ಮಾಡಿದ್ದು ಹೇಗೆ, ಕಂಡದ್ದೇನು, ಅದರ ಅರ್ಥವೇನು ಎಂದು ನಾಲ್ಕು ಭಾಗ. ಪತ್ರಿಕೆಯವರು ಅದನ್ನು ಅಚ್ಚು ಹಾಕುವ ಮೊದಲು ಅದೇ ವಿಷಯ ಬಲ್ಲ ಬೇರೆಯವರಿಗೆ ಕಳಿಸಿ ತಪ್ಪು ಹುಡುಕಿಸುತ್ತಾರೆ. ನಮ್ಮ ಬೆಂಗಳೂರಿನಿಂದಲೇ 'ಕರೆಂಟ್ ಸೈನ್ಸ್' ಎಂಬ ಪತ್ರಿಕೆ 1932ರಿಂದ ಬರುತ್ತಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಶುರುವಾದದ್ದು 1986ರಲ್ಲಿ, ಅದರ ಸಂಶೋಧನಾ ಪತ್ರಿಕೆ ಹೊರಟದ್ದು 1988ರಲ್ಲಿ.

ಅಚ್ಚಾಯಿತು ಅಂದ ಮಾತ್ರಕ್ಕೆ ಅದು ಖರೆ ಅಂತಲ್ಲ. 'ನಾವು ಹೀಗೆ ಮಾಡಿದೆವು, ಹೀಗೆ ಕಂಡಿತು, ಬೇಕಾದರೆ ನೀವೂ ಮಾಡಿ ನೋಡಿರಿ' ಎಂದು ನಾಲ್ಕು ಮಂದಿಯ ಎದುರು ಇಟ್ಟಂತೆ, ಅಷ್ಟೆ. ಪಂಚರ ಮುಂದೆ ಮಾತು ಇಟ್ಟಹಾಗೆ. ತೀರ್ಪು ಆಮೇಲೆ ಬರುತ್ತದೆ, ಕೆಲವೊಮ್ಮೆ ಎಪ್ಪತ್ತು ವರ್ಷ ಹಿಡಿಯುತ್ತದೆ. ನಾಲ್ಕು ಭಾಗದಲ್ಲಿ ನಮಗೆ ಬೇಕಾದದ್ದು ಎರಡನೆಯದು, 'ಮಾಡಿದ್ದು ಹೇಗೆ' ಎಂಬುದು. ಮಾರಾಟದ ಚೀಟಿಯಲ್ಲಿ ಆ ಭಾಗವೇ ಇರುವುದಿಲ್ಲ.

ತೊಗರಿ ನೆಟೆ ರೋಗ: ಹೆಣದ ಹತ್ತಿರ ನಿಂತವನೆಲ್ಲ ಕೊಲೆಗಾರನಲ್ಲ

ತೊಗರಿ ಹೂವು-ಕಾಯಿ ಹಿಡಿಯುವ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಗಿಡ ಬಾಡಿ ನಿಂತಲ್ಲೇ ಒಣಗುವುದನ್ನು ನೋಡದ ರೈತ ನಮ್ಮ ಭಾಗದಲ್ಲಿಲ್ಲ. ಕಾಂಡದ ಬುಡದಿಂದ ಮೇಲಕ್ಕೆ ಕಂದು-ನೇರಳೆ ಪಟ್ಟಿ ಏರಿರುತ್ತದೆ, ಸೀಳಿದರೆ ಒಳಗೆ ಕರಿ ಗೆರೆ. ಹಿರಿಯರು ಇದಕ್ಕೆ ಭೂಮಿಯ ಕಾವು ಅಂದರು, ಮಳೆ ಹೆಚ್ಚಾದದ್ದು ಅಂದರು, ದೃಷ್ಟಿ ಅಂದರು.

ಬಿಹಾರದ ಪೂಸಾ ಎಂಬಲ್ಲಿ ಸರಕಾರದ ಬೂಷ್ಟು ಶಾಸ್ತ್ರಜ್ಞರಾಗಿದ್ದ ಬಟ್ಲರ್ ಎಂಬವರು 1906ರಲ್ಲಿ ಈ ರೋಗದ ಬಗ್ಗೆ ಬರೆದರು. ಆ ಕಾಲಕ್ಕೆ ಅಮೆರಿಕದಲ್ಲಿ ಹತ್ತಿ ಮುಂತಾದ ಬೆಳೆಗಳ ಸೊರಗು ರೋಗವನ್ನು ಒಂದು ಬೂಷ್ಟಿನ ತಲೆಗೆ ಕಟ್ಟಿದ್ದರು. ಅದೇ ಬೂಷ್ಟು ಸತ್ತ ತೊಗರಿ ಬೇರಿನ ಮೇಲೂ ಸಿಗುತ್ತಿತ್ತು. ಸಿಕ್ಕಿತಲ್ಲ, ಇದೇ ಕಾರಣ ಅಂದುಬಿಡಬಹುದಿತ್ತು. ಬಟ್ಲರ್ ಹಾಗೆ ಮಾಡಲಿಲ್ಲ. ಆ ಬೂಷ್ಟನ್ನು ಬೇರೆ ಮಾಡಿ ಬೆಳೆಸಿ ಒಳ್ಳೆಯ ಗಿಡಕ್ಕೆ ಹಾಕಿ ನೋಡಿದರು. ಗಿಡಕ್ಕೆ ಏನೂ ಆಗಲಿಲ್ಲ. ಜೊತೆಗಿದ್ದ ಇನ್ನೊಂದು ಬೂಷ್ಟನ್ನು ಹಾಕಿದಾಗ ಗಿಡ ಸೊರಗಿತು. ಅದಕ್ಕೆ 1910ರಲ್ಲಿ ಫ್ಯುಸೇರಿಯಂ ಉಡಮ್ ಎಂದು ಹೆಸರಿಟ್ಟರು. ಮೊದಲನೆಯದು ಸತ್ತ ಬೇರು ತಿನ್ನಲು ಬಂದದ್ದು, ಕೊಂದದ್ದು ಎರಡನೆಯದು.

ಈ ಪರೀಕ್ಷೆಗೆ ನಾಲ್ಕು ಮೆಟ್ಟಿಲು. ರೋಗದ ಗಿಡದಲ್ಲಿ ಆ ಜೀವಿ ಸಿಗಬೇಕು. ಅದನ್ನು ಬೇರೆ ಮಾಡಿ ಬೆಳೆಸಬೇಕು. ಬೆಳೆಸಿದ್ದನ್ನು ಒಳ್ಳೆಯ ಗಿಡಕ್ಕೆ ಹಾಕಿದರೆ ಅದೇ ರೋಗ ಬರಬೇಕು. ಆ ಗಿಡದಿಂದ ಮತ್ತೆ ಅದೇ ಜೀವಿ ಸಿಗಬೇಕು. ಜರ್ಮನಿಯ ರಾಬರ್ಟ್ ಕಾಕ್ 1882ರಲ್ಲಿ ಕ್ಷಯರೋಗದ ಕಾರಣ ತೋರಿಸಿದ್ದು ಇದೇ ಹಾದಿಯಲ್ಲಿ. ಮನುಷ್ಯರ ಕ್ಷಯಕ್ಕೂ ನಮ್ಮ ತೊಗರಿಗೂ ನ್ಯಾಯ ಒಂದೇ.

ಆದರೆ ಎಲ್ಲ ರೋಗವೂ ಹೀಗೆ ಬೇಗ ಸಿಗಲಿಲ್ಲ. ತೊಗರಿಯ ಗೊಡ್ಡು ರೋಗ ನೋಡಿರಿ. ಗಿಡ ಹಸಿರಾಗಿ ಪೊದೆಯಂತಿರುತ್ತದೆ, ಹೂವಿಲ್ಲ ಕಾಯಿಲ್ಲ. ಇದನ್ನು ಬರಹದಲ್ಲಿ ದಾಖಲು ಮಾಡಿದ್ದು 1931ರಲ್ಲಿ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯೊಂದು ಗಾಳಿಯಲ್ಲಿ ತೇಲಿ ಬಂದು ಇದನ್ನು ಹರಡುತ್ತದೆ ಎಂದು ತಿಳಿದದ್ದು 1962ರ ಹೊತ್ತಿಗೆ. ಆ ನುಸಿ ಹೊತ್ತು ತರುವ ವೈರಸ್ ಕೈಗೆ ಸಿಕ್ಕಿದ್ದು 2000ದ ಆಸುಪಾಸು, ಹೈದರಾಬಾದಿನ ಹತ್ತಿರ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯವರಿಗೆ. ಸುಮಾರು ಎಪ್ಪತ್ತು ವರ್ಷ. ಅಲ್ಲಿತನಕ 'ವೈರಸ್ ಇರಬಹುದು' ಎಂದೇ ಬರೆಯುತ್ತಿದ್ದರು. ಈ 'ಇರಬಹುದು' ಎಂಬ ಮಾತನ್ನು ನಾವು ಗುರುತಿಸಬೇಕು. ಅದು ಹೇಡಿತನವಲ್ಲ, ಪ್ರಾಮಾಣಿಕತನ. ಬರೆದವರು 'ಇರಬಹುದು' ಅಂದದ್ದನ್ನು ಮಾರುವವರು 'ಹೌದು' ಮಾಡುತ್ತಾರೆ.

ತಳಿ ಪರೀಕ್ಷೆಯಲ್ಲೂ ಒಂದು ಯುಕ್ತಿ ಇದೆ. ರೋಗ ತಡೆಯುವ ತಳಿ ಹುಡುಕಲು ಒಳ್ಳೆಯ ಹೊಲ ಬೇಡ, ಕೆಟ್ಟ ಹೊಲವೇ ಬೇಕು. ನೆಟೆ ಬಂದ ಕಟ್ಟಿಗೆಯನ್ನು ವರ್ಷಗಟ್ಟಲೆ ಮಣ್ಣಿಗೆ ಸೇರಿಸಿ ರೋಗದ ಮಡಿ ಮಾಡುತ್ತಾರೆ. ಹೊಸ ತಳಿಗಳ ನಡುನಡುವೆ ಖಂಡಿತ ಸಾಯುವ ತಳಿಯ ಸಾಲು ಹಾಕುತ್ತಾರೆ. ಆ ಸಾಲು ಸತ್ತಿದ್ದರೆ ಮಾತ್ರ ಪಕ್ಕದ್ದು ಬದುಕಿದ್ದಕ್ಕೆ ಬೆಲೆ. ಅದೂ ಬದುಕಿದ್ದರೆ ಆ ವರ್ಷ ರೋಗವೇ ಇರಲಿಲ್ಲ ಅಂತ ಅರ್ಥ. ಹೀಗೆ ಗೆದ್ದು 1986ರಲ್ಲಿ ಕರ್ನಾಟಕಕ್ಕೆ ಬಂದದ್ದು 'ಮಾರುತಿ' ತೊಗರಿ. ಆದರೆ ಅದು ತಡೆದದ್ದು ನೆಟೆಯನ್ನು. ಗೊಡ್ಡು ರೋಗಕ್ಕೆ ಅದು ಎಷ್ಟು ಬೇಗ ತುತ್ತಾಗುತ್ತದೆ ಅಂದ್ರ, ಗೊಡ್ಡು ರೋಗದ ಪರೀಕ್ಷೆಯಲ್ಲಿ 'ಖಂಡಿತ ರೋಗ ಬರುವ ಸಾಲು' ಅಂತ ಮಾರುತಿಯನ್ನೇ ಹಾಕುತ್ತಾರೆ. ಎರಡೂ ರೋಗ ತಡೆಯುವ 'ಆಶಾ' ತಳಿ ಆಮೇಲೆ ಬಂತು. ಆದ್ದರಿಂದ 'ರೋಗ ನಿರೋಧಕ' ಎಂದು ಚೀಲದ ಮೇಲೆ ಇದ್ದರೆ, ಯಾವ ರೋಗಕ್ಕೆ ಅಂತ ಕೇಳಿರಿ.

ಕಡಲೆಯ ಹುಳಿ: ಯಾವುದು ಕೆಲಸ ಮಾಡುತ್ತದೆ?

ಎಳ್ಳ ಅಮವಾಸಿಗೆ ಚರಗ ಚೆಲ್ಲಲು ಹೋದಾಗ ಕಡಲೆ ಗಿಡ ಮುಟ್ಟಿದ ಕೈ ಹುಳಿಯಾಗುತ್ತದೆ. ಧೋತ್ರ ಉಟ್ಟು ಮುಂಜಾನೆ ಕಡಲೆ ಹೊಲದಲ್ಲಿ ಅಡ್ಡಾಡಿದರೆ ಧೋತ್ರವೂ ಹುಳಿ. ಹಿಂದೆ ಹಿರಿಯರು ರಾತ್ರಿ ಗಿಡದ ಮೇಲೆ ತೆಳು ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ ಆ ಹುಳಿಯನ್ನು ಹೊಟ್ಟೆಯ ಮದ್ದಿಗೆ ಇಟ್ಟುಕೊಳ್ಳುತ್ತಿದ್ದರು.

ಎಲೆಯ ಮೇಲಿನ ಸಣ್ಣ ಕೂದಲಿನ ತುದಿಯಿಂದ ಈ ಹುಳಿ ಜಿನುಗುತ್ತದೆ. ಇದರಲ್ಲಿ ಮುಖ್ಯವಾಗಿ ಎರಡು ಆಮ್ಲ. ಒಂದು ಮ್ಯಾಲಿಕ್ ಆಮ್ಲ, ಸೇಬಿನಲ್ಲಿರುವಂಥದ್ದು. ಇನ್ನೊಂದು ಆಕ್ಸಾಲಿಕ್ ಆಮ್ಲ, ಹುಳಿ ಸೊಪ್ಪುಗಳಲ್ಲಿ ಇರುವಂಥದ್ದು. ಹುಳಿ ಹೆಚ್ಚಿದ್ದ ತಳಿಗೆ ಕಾಯಿಕೊರಕ ಕಡಿಮೆ ಎಂದು ನೋಡಿ, 1980ರ ದಶಕದಲ್ಲಿ ಮ್ಯಾಲಿಕ್ ಆಮ್ಲದ ಕಡೆಗೇ ಬೆರಳು ತೋರಿಸಿದ್ದರು. ಎರಡೂ ಒಟ್ಟಿಗೇ ಇದ್ದಾಗ ಯಾವುದರ ಕೆಲಸ ಎಂದು ಹೊಲದಲ್ಲಿ ನಿಂತು ಹೇಳಲಾಗದು.

1995ರಲ್ಲಿ ಇಕ್ರಿಸ್ಯಾಟ್‌ನ ಯೋಶಿಡಾ ಮತ್ತು ಜೊತೆಗಾರರು ಅಚ್ಚು ಹಾಕಿಸಿದ ಲೇಖನ ಈ ಗಂಟು ಬಿಡಿಸಿತು. ಹುಳಕ್ಕೆ ಹಾಕುವ ತಯಾರಿಸಿದ ಆಹಾರದಲ್ಲಿ ಒಂದಕ್ಕೆ ಮ್ಯಾಲಿಕ್, ಒಂದಕ್ಕೆ ಆಕ್ಸಾಲಿಕ್ ಬೆರೆಸಿದರು. ಮ್ಯಾಲಿಕ್ ತಿಂದ ಹುಳ ಹಾಯಾಗಿ ಬೆಳೆಯಿತು. ಆಕ್ಸಾಲಿಕ್ ತಿಂದದ್ದು ಬೆಳವಣಿಗೆ ಕುಂಠಿತವಾಗಿ ಸಣ್ಣಗೇ ಉಳಿಯಿತು. ಮೊದಲಿನವರ ಅಳತೆ ಸುಳ್ಳಲ್ಲ, ಹುಳಿಗೂ ಹುಳಕ್ಕೂ ಸಂಬಂಧ ಇದ್ದದ್ದು ಖರೆ. ಆದರೆ ಕಾರಣ ಪಕ್ಕದವನದು. ಎರಡು ಎತ್ತು ಕೂಡಿ ಎಳೆಯುವಾಗ ಯಾವುದು ಎಳೆಯುತ್ತದೆ ತಿಳಿಯಬೇಕಾದರೆ ಒಂದೊಂದನ್ನೇ ಹೂಡಿ ನೋಡಬೇಕು.

ಇದರಿಂದ ನಮಗೆ ಉಪಯೋಗ? ಪೇಟೆಯಲ್ಲಿ ಒಂದೇ ಬಾಟಲಿಯಲ್ಲಿ ಐದಾರು ವಸ್ತು ಕೂಡಿಸಿ ಮಾರುತ್ತಾರೆ. ಬೆಳೆ ಚಲೋ ಬಂದರೆ ಯಾವುದರಿಂದ ಬಂತು? ಅದರಲ್ಲಿರುವ ಯೂರಿಯಾ ಒಂದರಿಂದಲೇ ಹಸಿರಾಗಿರಬಹುದು. ಒಂದೊಂದನ್ನೇ ನೋಡಿದ್ದಾರೆಯೇ ಎಂದು ಕೇಳುವುದು ನಮ್ಮ ಹಕ್ಕು.

ಎರೆ ಮಣ್ಣು: ಎಲ್ಲಿಯ ಮಾತು ಎಲ್ಲಿಗೆ

ಎರೆ ಭೂಮಿ ಬೇಸಿಗೆಯಲ್ಲಿ ಕಾಲು ಸಿಕ್ಕಿಬೀಳುವಂತೆ ಬಿರಿಯುತ್ತದೆ, ಮಳೆಗೆ ಉಬ್ಬಿ ಮುಚ್ಚುತ್ತದೆ. ಕೆಂಪು ಮಣ್ಣು ಹೀಗೆ ಮಾಡುವುದಿಲ್ಲ. ಇದಕ್ಕೆ ಕಾರಣ ತೋರಿಸಿದ್ದು ಎಕ್ಸ್‌ರೇ. ದವಾಖಾನೆಯಲ್ಲಿ ಎಲುಬು ನೋಡುವ ಅದೇ ಕಿರಣವನ್ನು ಮಣ್ಣಿನ ಅತಿ ಸಣ್ಣ ಕಣಕ್ಕೆ ಹಾಯಿಸಿ, ಅದು ಚೆದುರುವ ಕೋನ ಅಳೆದರೆ ಕಣದೊಳಗಿನ ಪದರ ಪದರದ ಅಂತರ ತಿಳಿಯುತ್ತದೆ. 1940ರಲ್ಲಿ ಆಗಿನ ಹೈದರಾಬಾದ್ ಸಂಸ್ಥಾನದ ಒಂದು ಕರಿ ಮಣ್ಣು, ಒಂದು ಕೆಂಪು ಮಣ್ಣನ್ನು ಹೀಗೆ ನೋಡಿ ಲೇಖನ ಬರೆದರು. ಕರಿಯದರಲ್ಲಿ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ. ಅದರ ಪದರಗಳ ನಡುವೆ ನೀರು ಹೊಕ್ಕು ಅಗಲ ಮಾಡುತ್ತದೆ, ಒಣಗಿದಾಗ ಮತ್ತೆ ಕೂಡುತ್ತವೆ. ಕೆಂಪಿನ ಜೇಡಿಯ ಪದರಗಳು ಬಿಗಿಯಾಗಿ ಅಂಟಿವೆ, ನೀರಿಗೆ ಬಾಗಿಲಿಲ್ಲ.

ಈ ಒಂದು ಸಂಗತಿಯಿಂದ ನಮ್ಮ ಬೇಸಾಯದ ಎಷ್ಟೋ ಗುಟ್ಟು ಬಿಡಿಸಿಕೊಳ್ಳುತ್ತದೆ. ಆಳ ಎರೆ ಒಂದು ಮೀಟರ್ ಆಳಕ್ಕೆ ಬೆಳೆಗೆ ಸಿಗುವಂತೆ ಸುಮಾರು 15ರಿಂದ 20 ಸೆಂ.ಮೀ. ಮಳೆಯಷ್ಟು ನೀರು ಹಿಡಿದಿಡುತ್ತದೆ. ಹಿಂಗಾರಿ ಜೋಳ ಉತ್ತರಿ, ಹಸ್ತದಲ್ಲಿ ಬಿತ್ತಿ ಆಮೇಲೆ ಮಳೆ ಕಾಣದೆಯೂ ಕಾಳಾಗುವುದು ಈ ಗಂಟಿನಿಂದ. ಆದರೆ ಅದೇ ಜೇಡಿ ಜಿಪುಣನೂ ಹೌದು. ಬೇರಿಗೆ ನೀರು ಎಳೆಯಲು ಒಂದು ಮಿತಿ ಇದೆ, ಸುಮಾರು 15 ವಾಯುಭಾರದಷ್ಟು ಸೆಳೆತ. ಅದಕ್ಕಿಂತ ಬಿಗಿಯಾಗಿ ಮಣ್ಣು ಹಿಡಿದ ನೀರು ಇದ್ದೂ ಇಲ್ಲದಂತೆ. ನೂರು ಕಿಲೋ ಒಣ ಎರೆಗೆ ಇಪ್ಪತ್ತು ಕಿಲೋ ಆಸುಪಾಸು ನೀರು ಉಳಿದಾಗಲೇ ಬೆಳೆ ಬಾಡುತ್ತದೆ. ಕೈಗೆ ಮಣ್ಣು ತಂಪು ಹತ್ತುತ್ತದೆ, ಗಿಡ ಮಾತ್ರ ಜೋಲು ಬಿದ್ದಿರುತ್ತದೆ. ಉಸುಕು ಬೆರೆತ ಕೆಂಪು ಮಣ್ಣಿನಲ್ಲಿ ಅದರ ಅರ್ಧಕ್ಕಿಂತ ಕಡಿಮೆ ನೀರಿದ್ದರೂ ಗಿಡ ಹೀರಿಕೊಳ್ಳುತ್ತದೆ. ಕೆಂಪು ಮಣ್ಣಿಗೆ ಸಣ್ಣ ಮಳೆ ಸಾಕು, ಎರೆಗೆ ದೊಡ್ಡ ಮಳೆಯೇ ಬೇಕು ಎಂದು ಹಿರಿಯರು ಹೇಳಿದ್ದಕ್ಕೆ ಇದೇ ಲೆಕ್ಕ.

ಆದ್ದರಿಂದ ಕೆಂಪು ಮಣ್ಣಿನಲ್ಲಿ ಮಾಡಿದ ನೀರಿನ ಪರೀಕ್ಷೆಯನ್ನು ಎರೆಗೆ ಹೊಂದಿಸಿದರೆ ಕೈ ಸುಡುತ್ತದೆ. ಅದಕ್ಕೆಂದೇ 1930ರ ದಶಕದಲ್ಲಿ ಸೊಲ್ಲಾಪುರ, ವಿಜಾಪುರ, ಹಗರಿ, ರಾಯಚೂರು, ರೋಹತಕ್ ಎಂದು ಬೇರೆ ಬೇರೆ ಕಡೆ ಒಣ ಬೇಸಾಯದ ಕೇಂದ್ರ ತೆಗೆದರು. ಈಗ ವಿಜಯಪುರ ಎನ್ನುವ ನಮ್ಮ ಊರಿನ ಕೇಂದ್ರದವರು ಹೇಳುವ ಚೌಕು ಮಡಿ ನಮ್ಮ ಎರೆಗೆ, ನಮ್ಮ ಸುಮಾರು 600 ಮಿ.ಮೀ. ಮಳೆಗೆ ನೋಡಿ ಹೇಳಿದ್ದು. ಮುಂಗಾರಿನಲ್ಲಿ ಹೊಲವನ್ನು ಸಣ್ಣ ಸಣ್ಣ ಚೌಕವಾಗಿ ಬದು ಕಟ್ಟಿ ಬಿದ್ದ ಮಳೆಯನ್ನು ಬಿದ್ದಲ್ಲೇ ಇಂಗಿಸುವುದು. ಎಡೆಕುಂಟೆ ಹೊಡೆದು ಬಿರುಕು ಮುಚ್ಚುವುದೂ ಹಾಗೆಯೇ, ಬಿರುಕಿನ ಗೋಡೆಯಿಂದ ಆರುವ ನೀರು ಉಳಿಸಲು.

ಜೋಳದ ರೊಟ್ಟಿಯ ಮೇಲೆ ಬಂದ ಆರೋಪ

ನಾಲ್ಕರಲ್ಲಿ ಮನಸ್ಸಿಗೆ ಹತ್ತಿರದ್ದು ಇದು. 'ಜೋಳ ತಿಂದರೆ ಪೆಲಾಗ್ರ ರೋಗ ಬರುತ್ತದಂತೆ, ಸಂಶೋಧನೆ ಆಗ್ಯದ' ಎಂದು ಯಾರೋ ಹೇಳಿದ್ದು ಕೇಳಿ ನಮ್ಮ ಓಣಿಯ ಒಬ್ಬರು ಮಕ್ಕಳಿಗೆ ರೊಟ್ಟಿ ಬಿಡಿಸಿ ಅಂಗಡಿ ಬ್ರೆಡ್ಡು ಕೊಡಹತ್ತಿದ್ದರು. ಡೋಣಿ ಸಾಲಿನ ಬಿಳಿಜೋಳ ತಿಂದು ನೂರಾರು ವರ್ಷ ಬದುಕಿದ ಸೀಮೆ ಇದು. ಹಾಗಾದರೆ ಖರೆ ಏನು?

ಪೆಲಾಗ್ರದಲ್ಲಿ ಬಿಸಿಲು ಬೀಳುವ ಕೈ, ಪಾದ, ಕೊರಳಿನ ಚರ್ಮ ಕಪ್ಪಾಗಿ ಸುಟ್ಟಂತಾಗಿ ಸುಲಿಯುತ್ತದೆ. ಭೇದಿ ಹತ್ತುತ್ತದೆ, ಬರಬರುತ್ತ ಬುದ್ಧಿ ಭ್ರಮೆ ಆಗುತ್ತದೆ. 1735ರಲ್ಲಿ ಸ್ಪೇನ್ ದೇಶದ ವೈದ್ಯ ಕಸಾಲ್ ಗೋವಿನಜೋಳ ತಿನ್ನುವ ಬಡವರಲ್ಲಿ ಇದನ್ನು ಕಂಡರು. ಅಮೆರಿಕದಲ್ಲಿ ಇದು ಅಂಟುರೋಗ ಎಂದು ಬಹುಮಂದಿ ನಂಬಿದ್ದಾಗ, 1914ರಿಂದ ಗೋಲ್ಡ್‌ಬರ್ಗರ್ ಎಂಬ ವೈದ್ಯರು ಊಟ ಬದಲಿಸಿ ರೋಗ ಹೋಗುವುದನ್ನು ತೋರಿಸಿದರು. 1937ರಲ್ಲಿ ಎಲ್ವೆಜೆಮ್ ಎಂಬವರು ನಯಾಸಿನ್ ಎಂಬ ವಿಟಮಿನ್ ಕೊಟ್ಟು ನಾಯಿಗಳಲ್ಲಿ ಇದೇ ಜಾತಿಯ ರೋಗ ವಾಸಿ ಮಾಡಿದರು. ಈ ವಿಟಮಿನ್ನನ್ನು ನಮ್ಮ ದೇಹ ಟ್ರಿಪ್ಟೊಫ್ಯಾನ್ ಎಂಬ ಪ್ರೋಟೀನಿನ ತುಣುಕಿನಿಂದಲೂ ಸ್ವಲ್ಪ ಮಾಡಿಕೊಳ್ಳುತ್ತದೆ. ಗೋವಿನಜೋಳದಲ್ಲಿ ಎರಡಕ್ಕೂ ಕೊರತೆ.

ದಖ್ಖನದ ಬಿಳಿಜೋಳ ತಿನ್ನುವ ಬಡವರಲ್ಲೂ ಪೆಲಾಗ್ರ ಕಂಡಿತು. ಜೋಳದಲ್ಲಿ ಗೋವಿನಜೋಳದಷ್ಟು ಕೊರತೆ ಇಲ್ಲ. ಮತ್ತೆ ಏಕೆ? ಹೈದರಾಬಾದಿನ ಪೋಷಣೆಯ ಪ್ರಯೋಗಶಾಲೆಯ ಗೋಪಾಲನ್ ಮತ್ತು ಶ್ರೀಕಂಟಿಯಾ 1960ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಉತ್ತರ ಮುಂದಿಟ್ಟರು. ಜೋಳದ ಪ್ರೋಟೀನಿನಲ್ಲಿ ಲ್ಯೂಸಿನ್ ಎಂಬ ತುಣುಕು ಅತಿ ಹೆಚ್ಚು. ಅದು ದೇಹದಲ್ಲಿ ನಯಾಸಿನ್ ತಯಾರಾಗುವ, ಬಳಕೆಯಾಗುವ ದಾರಿಗೆ ಅಡ್ಡ ಬರುತ್ತದೆ ಎಂಬುದು ಅವರ ವಾದ. 1969ರಲ್ಲಿ ಅಲ್ಲಿಯವರೇ ನಾಯಿಗಳ ಮೇಲಿನ ಪ್ರಯೋಗವನ್ನೂ ಅದೇ ಪತ್ರಿಕೆಯಲ್ಲಿ ಬರೆದರು.

ಪಂಚರು ಸುಮ್ಮನಿರಲಿಲ್ಲ. ಬೇರೆ ಬೇರೆ ದೇಶದವರು ಇಲಿ, ಕೋಳಿ, ನಾಯಿಗಳಿಗೆ ಲ್ಯೂಸಿನ್ ತಿನ್ನಿಸಿ ನೋಡಿದರು. ಕೆಲವರಿಗೆ ಪರಿಣಾಮ ಕಂಡಿತು, ಕೆಲವರಿಗೆ ಕಾಣಲಿಲ್ಲ. 1978ರಲ್ಲಿ ಮ್ಯಾನ್ಸನ್ ಮತ್ತು ಕಾರ್ಪೆಂಟರ್ ತಮ್ಮ ನಾಯಿಗಳಲ್ಲಿ ಅಂಥ ಪರಿಣಾಮ ಕಾಣಲಿಲ್ಲವೆಂದು ಬರೆದರು. ಹೈದರಾಬಾದಿನವರೇ ಮುಂದುವರಿದು ಬಿ6 ಎಂಬ ಇನ್ನೊಂದು ವಿಟಮಿನ್ ಕೊಟ್ಟಾಗ ಲ್ಯೂಸಿನ್ನಿನ ಕಾಟ ತಗ್ಗುತ್ತದೆ ಎಂದು ತೋರಿಸಿದರು. ಅಂದರೆ ಲ್ಯೂಸಿನ್ ಒಂದೇ ಅಪರಾಧಿ ಎಂಬುದು ನಿಲ್ಲಲಿಲ್ಲ. ಊಟದಲ್ಲಿ ಬೇರೆ ಏನೇನು ಇಲ್ಲ ಎಂಬುದೂ ಸೇರಿತು.

ಈಗ ನೀವೇ ನೋಡಿರಿ. ಗೋಪಾಲನ್ ಅವರು 'ಜೋಳ ವಿಷ' ಅನ್ನಲಿಲ್ಲ. ರೋಗ ಬಂದದ್ದು ಮೂರು ಹೊತ್ತೂ ಜೋಳ ಬಿಟ್ಟು ಬೇರೇನೂ ಸಿಗದ ಬಡವರಿಗೆ. ರೊಟ್ಟಿಯ ಜೊತೆ ಬೇಳೆ, ಹೆಸರುಕಾಳು, ಶೇಂಗಾ ಹಿಂಡಿ, ಮೊಸರು, ಪುಂಡಿಪಲ್ಯ ಇದ್ದವರಿಗೆ ಅದರ ಭಯವಿಲ್ಲ. ಶೇಂಗಾದಲ್ಲಿ ನಯಾಸಿನ್ ಹೇರಳ. ಹಾಲು-ಮೊಸರು, ಕಾಳುಗಳಲ್ಲಿ ಟ್ರಿಪ್ಟೊಫ್ಯಾನ್ ಇದೆ. ನಮ್ಮ ಹೆಣ್ಣುಮಕ್ಕಳು ರೊಟ್ಟಿಗೆ ಶೇಂಗಾ ಹಿಂಡಿ ಕಟ್ಟಿ ಕಳಿಸುವುದರಲ್ಲಿ ಮದ್ದೂ ಇತ್ತು. ಜನರ ಊಟ ಸುಧಾರಿಸಿದಂತೆ ಈ ರೋಗ ಈಗ ಅಪರೂಪವಾಗಿದೆ, ಹೋದದ್ದು ಜೋಳ ಬಿಟ್ಟದ್ದರಿಂದ ಅಲ್ಲ. ಆದರೂ ಬರೇ ರೊಟ್ಟಿ-ಖಾರದಲ್ಲೇ ದಿನ ತಳ್ಳುವ ಮುದುಕರು, ಕುಡಿತಕ್ಕೆ ಬಿದ್ದು ಊಟ ಬಿಟ್ಟವರು ಇದ್ದಾರೆ. ಅಂಥವರ ಕೈ, ಕೊರಳು ಕಪ್ಪಾಗಿ ಸುಲಿಯುತ್ತಿದ್ದರೆ ಮುಲಾಮು ಹಚ್ಚಿ ಕೂರದೆ ಡಾಕ್ಟರಿಗೆ ತೋರಿಸಿರಿ. ವಿಟಮಿನ್ ಕೊಟ್ಟರೆ ಬೇಗ ಗುಣವಾಗುವ ರೋಗ, ಬಿಟ್ಟರೆ ಪ್ರಾಣಕ್ಕೆ ಬರುವ ರೋಗ.

ಆ ಓಣಿಯ ಮನೆಯವರಿಗೆ ಇಷ್ಟೂ ಹೇಳಿದೆ. ರೊಟ್ಟಿ ಮತ್ತೆ ಒಲೆಗೆ ಬಂತು, ಜೊತೆಗೆ ಹಿಂಡಿಯೂ ಬಂತು.

ಕೇಳಬೇಕಾದ ಆರು ಪ್ರಶ್ನೆ

ಮೇಲಿನ ನಾಲ್ಕರಿಂದ ತೆಗೆದ ಸಾರ ಇದು. ಗೋಡೆಗೆ ಬರೆದು ಹಾಕಿಕೊಳ್ಳಬಹುದು.

1. ಎಲ್ಲಿ ಮಾಡಿದ್ದು? ಮಣ್ಣು ಯಾವುದು, ಮಳೆ ಎಷ್ಟು, ನೀರಾವರಿಯೋ ಒಣ ಬೇಸಾಯವೋ? ಊಟ-ಔಷಧದ ಮಾತಾದರೆ ಮನುಷ್ಯರ ಮೇಲೋ, ಇಲಿಯ ಮೇಲೋ?

2. ಯಾವುದರ ಜೊತೆ ಹೋಲಿಸಿದ್ದು? ಹಾಕದೆ ಬಿಟ್ಟ ಪಟ್ಟಿ ಪಕ್ಕದಲ್ಲೇ ಇತ್ತೋ? ಹೋದ ವರ್ಷದ ಬೆಳೆಗೆ ಹೋಲಿಸಿದರೆ ಅದು ಹೋಲಿಕೆಯಲ್ಲ, ಮಳೆಯೇ ಬೇರೆ.

3. ಎಷ್ಟು ಕಡೆ, ಎಷ್ಟು ವರ್ಷ? ಒಂದು ವರ್ಷದ ಮಾತು ನಮ್ಮ ಸೀಮೆಯಲ್ಲಿ ಮಾತೇ ಅಲ್ಲ.

4. ಬಂದ ಅಂತರ ದೊಡ್ಡದೋ, ಹೊಲದ ಸಹಜ ಏರುಪೇರಿನೊಳಗಿನದೋ?

5. ಬೇರೆಯವರು ಮಾಡಿ ನೋಡಿದರೋ? ಅವರಿಗೂ ಹಾಗೇ ಬಂತೋ?

6. ಖರ್ಚು ಯಾರದು? ಮಾರುವವನೇ ಪರೀಕ್ಷೆ ಮಾಡಿಸಿದ್ದರೆ ಸುಳ್ಳೆಂದೇನಲ್ಲ, ಆದರೆ ಐದನೆಯ ಪ್ರಶ್ನೆಯನ್ನು ಎರಡು ಸಲ ಕೇಳಿರಿ.

ನಾಲ್ಕನೆಯದಕ್ಕೆ ಒಂದು ವಿವರಣೆ. ಕೃಷಿ ಲೇಖನದ ಕೋಷ್ಟಕದ ಕೊನೆಗೆ 'ಸಿ.ಡಿ.' ಎಂದು ಒಂದು ಸಾಲು ಇರುತ್ತದೆ. ಎರಡು ಇಳುವರಿಯ ಅಂತರ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಎಣಿಕೆಗೆ ತೆಗೆದುಕೊಳ್ಳಬೇಕು. ಲೆಕ್ಕಕ್ಕಾಗಿ ಹೇಳುವುದಾದರೆ, ಒಂದು ತಳಿ ಎಕರೆಗೆ 6 ಕ್ವಿಂಟಲ್, ಇನ್ನೊಂದು ಆರೂವರೆ, ಸಿ.ಡಿ. 0.8 ಎಂದಿರಲಿ. ಅಂತರ ಅರ್ಧ ಕ್ವಿಂಟಲ್, ಸಿ.ಡಿ.ಗಿಂತ ಕಡಿಮೆ. ಹಾಗಾದರೆ ಎರಡರಲ್ಲಿ ಹೆಚ್ಚು ಕಡಿಮೆ ಹೇಳಲಾಗದು ಎಂದೇ ಅರ್ಥ. 'ಎನ್.ಎಸ್.' ಎಂದು ಬರೆದಿದ್ದರೂ ಅದೇ.

ನಮ್ಮ ಹೊಲದಲ್ಲಿ ನಾವೇ

ಹೊಲದ ಪರೀಕ್ಷೆಗೆ ನಿಯಮ ಕಟ್ಟಿದವರು ರೊನಾಲ್ಡ್ ಫಿಶರ್. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1843ರಿಂದ ಹೊಲದ ಪ್ರಯೋಗ ನಡೆದಿದ್ದವು. ಫಿಶರ್ 1919ರಲ್ಲಿ ಅಲ್ಲಿಗೆ ಸೇರಿ ರಾಶಿ ಬಿದ್ದಿದ್ದ ಅಂಕಿಗಳನ್ನು ನೋಡಿದರು. ಅವರು ಕಟ್ಟಿದ ನಿಯಮಗಳನ್ನು ಈಗ ಔಷಧ ಪರೀಕ್ಷೆಯವರೂ ಪಾಲಿಸುತ್ತಾರೆ. ಹೊಲದಲ್ಲಿ ಹುಟ್ಟಿದ್ದು ದವಾಖಾನೆಗೆ ಹೋಯಿತು. ನಿಯಮ ಮೂರೇ: ಹಲವು ಸಲ ಮಾಡು, ಜೋಡಿಗಳನ್ನು ಒಂದೇ ತರದ ನೆಲದಲ್ಲಿ ಇಡು, ಯಾವುದಕ್ಕೆ ಯಾವ ಪಟ್ಟಿ ಎಂಬುದನ್ನು ನೀನು ಆರಿಸಬೇಡ.

ಹೊಲದ ತಗ್ಗಿನ ಕಡೆ ನೀರು, ಮೆಕ್ಕಲು ಹೆಚ್ಚು ನಿಲ್ಲುತ್ತದೆ. ಹೊಸ ಪುಡಿಯನ್ನು ತಗ್ಗಿಗೆ ಹಾಕಿದರೆ ಬೂದಿಯೂ ಗೆಲ್ಲುತ್ತದೆ. ಅದಕ್ಕೆ ಹೀಗೆ ಮಾಡಿರಿ. ದಿಬ್ಬದಿಂದ ತಗ್ಗಿನವರೆಗೆ ಆರು ಜಾಗ ಗುರುತಿಸಿ. ಪ್ರತಿ ಜಾಗದಲ್ಲಿ ಅಕ್ಕಪಕ್ಕ ಎರಡು ಪಟ್ಟಿ, ಎರಡಕ್ಕೂ ಕೂರಿಗೆಯ ಸಾಲು ಸಮ. ಒಂದಕ್ಕೆ ಹೊಸದು, ಒಂದಕ್ಕೆ ಬಿಡುವುದು. ಯಾವುದಕ್ಕೆ ಎಂಬುದನ್ನು ಪ್ರತಿ ಜಾಗದಲ್ಲೂ ರೂಪಾಯಿ ಚಿಮ್ಮಿ ತೀರ್ಮಾನಿಸಿ, ಗೂಟ ಹೊಡೆದು ವಹಿಯಲ್ಲಿ ಬರೆದಿಡಿ. ಬೀಜ, ಗೊಬ್ಬರ, ಎಡೆ, ಎಲ್ಲ ಒಂದೇ ದಿನ ಒಂದೇ ತರ. ರಾಶಿಯಲ್ಲಿ ಅಂಚಿನ ಸಾಲು ಬಿಟ್ಟು ನಡುವಿನಿಂದ ಸಮ ಅಳತೆ ಕೊಯ್ದು, ಒಣಗಿಸಿ, ಬೇರೆ ಬೇರೆ ತೂಗಿ. ತೂಗುವವನಿಗೆ ಯಾವ ಚೀಲ ಯಾವುದೆಂದು ತಿಳಿಯದಿದ್ದರೆ ಇನ್ನೂ ಚಲೋ.

ಈಗ ಲೆಕ್ಕ. ಪುಡಿಯಲ್ಲಿ ಏನೂ ಇಲ್ಲವೆಂದರೆ ಪ್ರತಿ ಜೋಡಿಯಲ್ಲೂ ಅದು ಗೆಲ್ಲುವುದು ರೂಪಾಯಿ ಚಿಮ್ಮಿದಂತೆ. ಆರಕ್ಕೆ ಆರೂ ಬರೇ ಅದೃಷ್ಟದಿಂದ ಗೆಲ್ಲುವುದು 64ರಲ್ಲಿ ಒಂದು ಸಲ. ಎರಡನ್ನು ಆರು ಸಲ ಗುಣಿಸಿ ನೋಡಿರಿ. ಆದ್ದರಿಂದ ಆರೂ ಗೆದ್ದರೆ ಅದರಲ್ಲಿ ಏನೋ ಇದೆ, ಮುಂದಿನ ವರ್ಷ ಮತ್ತೆ ನೋಡಬೇಕು. ಐದು ಅಥವಾ ಆರು ಗೆಲ್ಲುವುದು 64ರಲ್ಲಿ 7 ಸಲ, ಅಂದರೆ ಒಂಬತ್ತಕ್ಕೆ ಒಂದರಷ್ಟು, ಇನ್ನೂ ಸಂಶಯ. ಮೂರು-ಮೂರು ಬಂದರೆ ಬಿಡಿರಿ. ಗೆದ್ದರೂ ಹೆಚ್ಚು ಬಂದ ಕಾಳಿನ ಬೆಲೆ ಪುಡಿಯ ಬೆಲೆಗಿಂತ ದೊಡ್ಡದಿರಬೇಕು.

ನಮ್ಮೂರಿಗೆ ಬಣ್ಣದ ಚೀಟಿ ಹಿಡಿದು ಕಡಲೆಗೆ ಹಾಕುವ ಪುಡಿ ಮಾರಲು ಬಂದವನಿಗೆ ಈ ಆರು ಪ್ರಶ್ನೆ ಹಾಕಿದೆ. "ಕಾಕಾ, ನಮಗ ಮ್ಯಾಲಿನವರು ಕೊಟ್ಟದ್ದು ಇಷ್ಟ" ಅಂದ. ಪಾಪ, ಅವನ ತಪ್ಪಲ್ಲ. ಒಂದೇ ಚೀಲ ಕೊಂಡು ಮೇಲೆ ಹೇಳಿದಂತೆ ಆರು ಜೋಡಿ ಹಾಕಿದೆ. ಮೂರರಲ್ಲಿ ಪುಡಿಯದು ಹೆಚ್ಚು, ಮೂರರಲ್ಲಿ ಬರೇ ನೆಲದ್ದು ಹೆಚ್ಚು ತೂಗಿತು. ಆ ವರ್ಷ ಐದಾರು ಮನೆಯವರು ನನ್ನ ವಹಿ ನೋಡಿ ರೊಕ್ಕ ಉಳಿಸಿಕೊಂಡರು. ಅದೇ ಬಗೆಯಲ್ಲಿ ನೋಡಿದ ಚೌಕು ಮಡಿಯಲ್ಲಿ ಜೋಳ ಆರಕ್ಕೆ ಆರೂ ಕಡೆ ಹೆಚ್ಚು ತೂಗಿತು, ಮುಂದಿನ ಹಿಂಗಾರಿಗೂ ಹಾಗೇ ಬಂತು. ಈಗ ಇಡೀ ಹೊಲಕ್ಕೆ ಕಟ್ಟುತ್ತೇನೆ.

ಓದುಗರಲ್ಲಿ ಯಾರಾದರೂ ಈ ಹಿಂಗಾರಿಗೆ ಜೋಳದಲ್ಲೋ ಕಡಲೆಯಲ್ಲೋ ಆರು ಜೋಡಿ ಹಾಕುವವರಿದ್ದರೆ, ಗೆದ್ದದ್ದನ್ನಷ್ಟೇ ಅಲ್ಲ, ಸೋತದ್ದನ್ನೂ ಇದೇ ಪತ್ರಿಕೆಗೆ ಬರೆದು ಕಳಿಸಿರಿ. ಮಣ್ಣು ಯಾವುದು, ಮಳೆ ಎಷ್ಟಾಯಿತು, ಆರೂ ಜೋಡಿಯ ತೂಕ ಎಷ್ಟು ಎಂದು ಇರಲಿ. ಸೋತದ್ದನ್ನು ಯಾರೂ ಅಚ್ಚು ಹಾಕುವುದಿಲ್ಲ. ಹೀಗಾಗಿ ಒಬ್ಬ ಸೋತದ್ದನ್ನೇ ಇನ್ನೊಬ್ಬ ರೊಕ್ಕ ಕೊಟ್ಟು ಮತ್ತೆ ಕಲಿಯಬೇಕಾಗುತ್ತದೆ.